ನಡುಗದ ಕೈ

ಶಸ್ತ್ರಚಿಕಿತ್ಸೆಯೊಂದು ಸುಖವಾಗಿ ಮುಗಿದು ರೋಗಿಯು ಮನೆಗೆ ಮರಳಿದಾಗ ಬಂಧುಬಳಗದವರ ಬಾಯಲ್ಲಿ ಮೊದಲು ಬರುವ ಹೆಸರು ಶಸ್ತ್ರವೈದ್ಯರದು. ಅವರ ಕೈಗುಣವನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಚಿಕಿತ್ಸೆ ನಡೆದಷ್ಟು ಹೊತ್ತೂ ರೋಗಿಯ ತಲೆಯ ಬಳಿ ಇದ್ದು ಉಸಿರನ್ನೂ ನಾಡಿಯನ್ನೂ ಕಾದವರು ಯಾರೆಂದು ಕೇಳಿದರೆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ರೋಗಿಗಂತೂ ಆ ಹೊತ್ತಿನ ನೆನಪೇ ಇರುವುದಿಲ್ಲ. ಕಣ್ಣಿಗೆ ಬೀಳದ ಸೇವೆಗೆ ಲೋಕದಲ್ಲಿ ಹೆಸರು ಕಡಮೆ.

ಅಂತಹ ಸೇವೆಯನ್ನು ವೃತ್ತಿಯಾಗಿ ಕೈಗೊಂಡ ದಾದಿಯರಲ್ಲಿ ಅಮೆರಿಕೆಯ ಶ್ರೀಮತಿ ಮಾರ್ಗರೆಟ್ ಮರ್ಡಾಕ್ ಒಬ್ಬರು. ಅರಿವಳಿಕೆ ನೀಡುವುದರಲ್ಲಿ ವಿಶೇಷ ಶಿಕ್ಷಣ ಪಡೆದ ನರ್ಸ್ ಅವರು. ಒಬ್ಬ ಮಗನ ತಾಯಿ. ಇಷ್ಟೇ ಆಗಿದ್ದರೆ ಅವರ ಹೆಸರು ಆಸ್ಪತ್ರೆಯ ಗೋಡೆಗಳನ್ನು ದಾಟುತ್ತಿರಲಿಲ್ಲವೇನೋ. ಆದರೆ ಒಲಿಂಪಿಕ್ ಕ್ರೀಡೆಗಳ ಚರಿತ್ರೆಯಲ್ಲಿ ಬಂದೂಕಿನ ಸ್ಪರ್ಧೆಯಲ್ಲಿ ಪದಕ ಗೆದ್ದ ಮೊತ್ತಮೊದಲನೆಯ ಮಹಿಳೆಯೂ ಅವರೇ. ಅದನ್ನು ಗೆದ್ದದ್ದು ಮಹಿಳೆಯರ ಪಂದ್ಯದಲ್ಲಲ್ಲ, ಗಂಡಸರ ಸಾಲಿನಲ್ಲಿ ನಿಂತು ಎಂಬುದು ಅವರ ಬಾಳನ್ನು ಮತ್ತೆ ಮತ್ತೆ ನೆನೆಯುವಂತೆ ಮಾಡುವ ಸಂಗತಿ.

ಮಾರ್ಗರೆಟ್ ಹುಟ್ಟಿದ್ದು 1942ರ ಆಗಸ್ಟ್ ತಿಂಗಳಲ್ಲಿ, ಅಮೆರಿಕೆಯ ನಡುನಾಡಾದ ಕನ್ಸಾಸ್ ಸಂಸ್ಥಾನದ ಟೊಪೀಕಾ ನಗರದಲ್ಲಿ. ಬಂದೂಕಿನ ಗುರಿಗಾರಿಕೆ ಅವರಿಗೆ ಬಂದದ್ದು ಹೊರಗಿನಿಂದಲ್ಲ, ಮನೆಯಿಂದ. ತಂದೆಗೆ ಆ ಹವ್ಯಾಸವಿತ್ತು. ನಮ್ಮಲ್ಲಿ ಸಂಗೀತಗಾರರ ಮನೆಯ ಮಗು ಮಾತಿಗೆ ಮುನ್ನ ಶ್ರುತಿಯನ್ನು ಗುರುತಿಸುವಂತೆ, ಆ ಮನೆಯ ಹುಡುಗಿ ಚಿಕ್ಕ ವಯಸ್ಸಿನಲ್ಲಿಯೇ ಬಂದೂಕನ್ನು ಭುಜಕ್ಕೊರಗಿಸಿಕೊಂಡು ಉಸಿರು ಹಿಡಿಯುವುದನ್ನು ಕಲಿತಳು. ಮುಂದೆ ಕನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಅಲ್ಲಿಯ ತಂಡದಲ್ಲಿ ಹುಡುಗರ ಜೊತೆಯಲ್ಲಿಯೇ ಗುರಿ ಸಾಧಿಸಿದರು. ಅನಂತರ ಸೈನ್ಯವನ್ನು ಸೇರಿ, ಜಾರ್ಜಿಯಾ ಸಂಸ್ಥಾನದ ಫೋರ್ಟ್ ಬೆನ್ನಿಂಗ್‌ನಲ್ಲಿದ್ದ ಸೈನ್ಯದ ಗುರಿಗಾರರ ದಳದಲ್ಲಿ ಪಳಗಿದರು.

ಈ ಕ್ರೀಡೆಯ ಸ್ವರೂಪವನ್ನು ಸ್ವಲ್ಪ ತಿಳಿದರೆ ಅವರ ಸಾಧನೆಯ ಬೆಲೆ ತಿಳಿಯುತ್ತದೆ. ಅವರು ಹೆಸರು ಮಾಡಿದ ಸ್ಪರ್ಧೆಗೆ ಮೂರು ಭಂಗಿಗಳ ರೈಫಲ್ ಸ್ಪರ್ಧೆಯೆಂದು ಹೆಸರು. ಗುರಿಯು 50 ಮೀಟರ್, ಎಂದರೆ ಸುಮಾರು 164 ಅಡಿ ದೂರದಲ್ಲಿರುತ್ತದೆ. ಬೋರಲು ಮಲಗಿ 40, ನಿಂತು 40, ಒಂದು ಮೊಣಕಾಲೂರಿ 40, ಹೀಗೆ ಅಂದು ಒಟ್ಟು 120 ಗುಂಡುಗಳನ್ನು ಹಾರಿಸಬೇಕಾಗಿತ್ತು. ಪ್ರತಿ ಗುಂಡಿಗೂ ಹೆಚ್ಚೆಂದರೆ 10 ಅಂಕ; ಪೂರ್ಣಾಂಕ 1200 ಆಗಿತ್ತು. ಹತ್ತು ಅಂಕವನ್ನು ತರುವ ನಡುವಣ ವೃತ್ತವೋ ಅಂಗಿಯ ಗುಂಡಿಯಷ್ಟು ಅಗಲ! ರೈಫಲಿನ ತೂಕ ಎಂಟು ಕಿಲೋಗ್ರಾಂವರೆಗೂ ಇರಬಹುದು. ಇಲ್ಲಿ ಓಡುವುದಿಲ್ಲ, ಹಾರುವುದಿಲ್ಲ. ತೋಳ್ಬಲಕ್ಕೆ ಎರಡನೆಯ ಸ್ಥಾನ. ಎದೆಯ ಬಡಿತವೊಂದು ಹೆಚ್ಚಾದರೂ ಕೊಳವೆಯ ತುದಿ ಅಲುಗುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಕ್ಷಣಮಾತ್ರದ ನಿಶ್ಚಲತೆಯಲ್ಲಿ ಬೆರಳು ಮಿಡಿಯಬೇಕು. ಹಕ್ಕಿಯ ಕಣ್ಣನ್ನಲ್ಲದೆ ಬೇರೇನನ್ನೂ ಕಾಣಲಿಲ್ಲವೆಂದ ಅರ್ಜುನನ ಏಕಾಗ್ರತೆಯನ್ನು ಒಮ್ಮೆಯಲ್ಲ, ನೂರಿಪ್ಪತ್ತು ಸಲ ತರಬೇಕಾಗಿತ್ತು.

ಗುರಿಹಲಗೆಗೆ ಗಂಡು ಹೆಣ್ಣೆಂಬ ಭೇದ ತಿಳಿಯದು. ಇದನ್ನು ಲೋಕಕ್ಕೆ ಅಂಕಗಳ ಮೂಲಕ ತೋರಿಸಿದವರು ಮಾರ್ಗರೆಟ್. 1967ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡೆಗಳಲ್ಲಿ ಮೊಣಕಾಲೂರುವ ಭಂಗಿಯಲ್ಲಿ ಅವರು 400ಕ್ಕೆ 391 ಅಂಕ ಗಳಿಸಿದರು. ಅದು ಅಲ್ಲಿಯವರೆಗಿನ ಪುರುಷರ ವಿಶ್ವದಾಖಲೆಯನ್ನೂ ಮೀರಿದ ಅಂಕ. ‘ಹೆಂಗಸರ ಮಟ್ಟಿಗೆ ಚೆನ್ನಾಗಿದೆ’ ಎಂಬ ಮೆಚ್ಚುಗೆಯ ಮಾತಿಗೆ ಅಂದು ಎಡೆಯೇ ಉಳಿಯಲಿಲ್ಲ.

ಮೂರು ವರ್ಷಗಳ ತರುವಾಯ, 1970ರಲ್ಲಿ, ಅಮೆರಿಕೆಯ ಫೀನಿಕ್ಸ್ ನಗರದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಸ್ಪರ್ಧೆಗಳು ನಡೆದುವು. ನಿಂತು ಗುಂಡು ಹಾರಿಸುವ ಸ್ಪರ್ಧೆಯಲ್ಲಿ ಪುರುಷರನ್ನೆಲ್ಲ ಹಿಂದಿಕ್ಕಿ ವಿಶ್ವವಿಜೇತೆಯಾದ ಮಾರ್ಗರೆಟ್ ಆಗ ನಾಲ್ಕು ತಿಂಗಳ ಗರ್ಭಿಣಿ! ನಮ್ಮ ಮನೆಗಳಲ್ಲಿ ನಾಲ್ಕು ತಿಂಗಳ ಬಸುರಿಯು ತುಂಬಿದ ಕೊಡವನ್ನು ಎತ್ತಹೋದರೆ ಹಿರಿಯರು ಗದರಿಸಿ ಕೊಡವನ್ನು ಕಸಿದುಕೊಳ್ಳುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಅದು ಅಕ್ಕರೆಯ ಗದರಿಕೆ. ಆದರೆ ಇಲ್ಲಿ ಗಮನಿಸಬೇಕಾದ ಮಾತು ಬೇರೆ. ಮೂರು ಭಂಗಿಗಳಲ್ಲಿ ಅತ್ಯಂತ ಕಠಿನವಾದದ್ದು ನಿಂತ ಭಂಗಿ. ದೇಹದ ತೂಕವು ಎಲ್ಲಿ ನಿಲ್ಲುತ್ತದೆ, ಬೆನ್ನು ಎಷ್ಟು ಬಾಗುತ್ತದೆ ಎಂಬುದರ ಮೇಲೆ ಅಲ್ಲಿ ಎಲ್ಲವೂ ನಿಂತಿದೆ. ದಿನದಿನಕ್ಕೂ ಬದಲಾಗುತ್ತಿದ್ದ ತಮ್ಮ ದೇಹವನ್ನು ಹೊಸದಾಗಿ ಅರಿತುಕೊಳ್ಳುತ್ತ ಅವರು ಆ ಸಮತೋಲವನ್ನು ಸಾಧಿಸಿದರು. ತಾಯ್ತನವು ಆಟಕ್ಕೆ ಮುಕ್ತಾಯವೆಂದು ಭಾವಿಸುತ್ತಿದ್ದ ಕಾಲದಲ್ಲಿ ಅವರು ಹಾಗೆ ಭಾವಿಸಲಿಲ್ಲ. ಕ್ರೀಡೆಯ ಸಲುವಾಗಿ ಸಂಸಾರವನ್ನು ತೊರೆಯಲಿಲ್ಲ. ಸಂಸಾರದ ಸಲುವಾಗಿ ಬಂದೂಕನ್ನು ಅಟ್ಟಕ್ಕೆ ಏರಿಸಲೂ ಇಲ್ಲ.

ಇನ್ನು 1976ರ ಜುಲೈ. ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳು. ನಗರದ ಹೊರಗಣ ಲಕಾಡಿಯೆಂಬಲ್ಲಿ ಬಂದೂಕಿನ ಸ್ಪರ್ಧೆಗಳು ಏರ್ಪಟ್ಟಿದ್ದುವು. ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆಗಳ ಬಾಗಿಲು ಮಹಿಳೆಯರಿಗೆ ತೆರೆದದ್ದೇ 1968ರಲ್ಲಿ, ಮೆಕ್ಸಿಕೋದಲ್ಲಿ. ಅಂದು ಬಂದವರು ಮೂವರೇ ಮಹಿಳೆಯರು. ಪದಕ ಯಾರಿಗೂ ದೊರೆತಿರಲಿಲ್ಲ. ಮಾಂಟ್ರಿಯಲ್‌ಗೆ ಬಂದಾಗ ಮಾರ್ಗರೆಟ್ ಅವರಿಗೆ 33 ವರ್ಷ. ಅವರ ಪ್ರಬಲ ಎದುರಾಳಿಯೆಂದರೆ ಸ್ವದೇಶದವರೇ ಆದ, ಸೈನ್ಯದ ದಳದಲ್ಲಿ ಅವರ ಸಂಗಡಿಗರಾಗಿದ್ದ ಲ್ಯಾನಿ ಬ್ಯಾಷಮ್. ಬ್ಯಾಷಮ್ 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯ ಬೆಳ್ಳಿ ಗೆದ್ದಿದ್ದವರು. ನಾಲ್ಕು ವರ್ಷ ಚಿನ್ನದ ಹಂಬಲವನ್ನೇ ಹೊತ್ತು ಬಂದಿದ್ದರು.

ನೂರಿಪ್ಪತ್ತು ಗುಂಡುಗಳೂ ಮುಗಿದು ಮೊದಲು ಬಂದ ಲೆಕ್ಕದಲ್ಲಿ ಮಾರ್ಗರೆಟ್ ಒಂದೇ ಒಂದು ಅಂಕದಿಂದ ಮುಂದಿದ್ದರು. ಬಳಿಕ ಗುರಿಹಲಗೆಗಳ ಮರುಪರಿಶೀಲನೆ ನಡೆಯಿತು. ಬ್ಯಾಷಮ್ ಅವರ ಲೆಕ್ಕದಲ್ಲಿ ಒಂದು ಅಂಕ ಬಿಟ್ಟುಹೋಗಿದ್ದುದು ಗೊತ್ತಾಯಿತು. ಇಬ್ಬರಿಗೂ 1162! ಮೂರನೆಯವರಾದ ಪಶ್ಚಿಮ ಜರ್ಮನಿಯ ವೆರ್ನರ್ ಜೈಬೋಲ್ಡ್ ಅವರಿಗೆ 1160. ಸಮಬಲವಾದಾಗ ಕೊನೆಯ ಹತ್ತು ಗುಂಡುಗಳ ಅಂಕವನ್ನು ನೋಡಿ ವಿಜಯಿಯನ್ನು ನಿರ್ಣಯಿಸಬೇಕೆಂಬುದು ಅಂದಿನ ನಿಯಮ. ಬ್ಯಾಷಮ್ ಅವರದು 98. ಮಾರ್ಗರೆಟ್ ಅವರದು 96. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಿನ್ನವು ಬ್ಯಾಷಮ್ ಅವರ ಪಾಲಾಯಿತು, ಬೆಳ್ಳಿ ಮಾರ್ಗರೆಟ್ ಅವರ ಪಾಲಾಯಿತು.

ಮುಂದೆ ನಡೆದುದು ಪದಕಕ್ಕಿಂತ ದೊಡ್ಡದು. ಗೆದ್ದ ಬ್ಯಾಷಮ್ ಸುಮ್ಮನಾಗಲಿಲ್ಲ. ಅಂಕ ಒಂದೇ ಆಗಿರುವಾಗ ಇಬ್ಬರಿಗೂ ಚಿನ್ನವನ್ನೇ ಕೊಡಿರೆಂದು ಕೇಳಿಕೊಂಡರು. ನಿಯಮವು ಒಪ್ಪಲಿಲ್ಲ. ಪದಕ ಪ್ರದಾನವಾಗಿ ರಾಷ್ಟ್ರಗೀತೆ ಮೊಳಗುವ ಹೊತ್ತಿಗೆ ಬ್ಯಾಷಮ್ ಎರಡನೆಯ ಮೆಟ್ಟಿಲ ಮೇಲಿದ್ದ ಮಾರ್ಗರೆಟ್ ಅವರ ಕೈಹಿಡಿದು ತಮ್ಮ ಮೆಟ್ಟಿಲಿಗೆ ಬರಮಾಡಿಕೊಂಡರು. ಒಂದೇ ಮೆಟ್ಟಿಲ ಮೇಲೆ ಇಬ್ಬರೂ ಒತ್ತಿನಲ್ಲಿ ನಿಂತು ಬಾವುಟಕ್ಕೆ ಗೌರವ ಸಲ್ಲಿಸಿದರು. ನಾಲ್ಕು ವರ್ಷ ಕಾದು ಪಡೆದ ಎತ್ತರದಲ್ಲಿ ಇನ್ನೊಬ್ಬರಿಗೆ ಅರ್ಧ ಜಾಗ ಬಿಟ್ಟುಕೊಡುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಆ ಜಾಗಕ್ಕೆ ಹೆಣ್ಣೆಂಬ ಕನಿಕರದಿಂದಲ್ಲ, ಸರಿಸಮಾನಳೆಂಬ ಅರ್ಹತೆಯಿಂದ ಏರಿದ್ದು ಮಾರ್ಗರೆಟ್ ಅವರ ಹಿರಿಮೆ. ಕೊಟ್ಟವರೂ ದೊಡ್ಡವರು, ಪಡೆದವರೂ ದೊಡ್ಡವರು.

ಇಂತಹ ಕೈಗಳು ಆಸ್ಪತ್ರೆಯಲ್ಲಿ ಅರಿವಳಿಕೆಯ ಕೆಲಸಕ್ಕೆ ಒದಗಿದುದು ಬರಿಯ ಆಕಸ್ಮಿಕವೆನಿಸುವುದಿಲ್ಲ. ನಮ್ಮ ದೇಶದಲ್ಲಿ ಅರಿವಳಿಕೆ ಕೊಡುವವರು ಸಾಮಾನ್ಯವಾಗಿ ವೈದ್ಯರು. ಆದುದರಿಂದ ದಾದಿಗೆ ಆ ಕೆಲಸವೇ ಎಂದು ಓದುಗರು ಅಚ್ಚರಿಪಡಬಹುದು. ಅಮೆರಿಕೆಯಲ್ಲಿ ಇದಕ್ಕೊಂದು ಹಳೆಯ ಪರಂಪರೆ ಇದೆ. 1846ರ ಅಕ್ಟೋಬರ್ ತಿಂಗಳಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಈಥರ್‌ನ ಪ್ರಯೋಗ ಬಹಿರಂಗವಾಗಿ ಯಶಸ್ವಿಯಾಯಿತಷ್ಟೆ. ಆಮೇಲೆ ಬಹುಕಾಲ ಆ ಕೆಲಸವನ್ನು ಎಳೆಯ ವಿದ್ಯಾರ್ಥಿಗಳ ಕೈಗೆ ಕೊಡುತ್ತಿದ್ದರು. ಅವರ ಕಣ್ಣೆಲ್ಲ ಶಸ್ತ್ರವೈದ್ಯರ ಕತ್ತರಿಯ ಮೇಲೆ. ರೋಗಿಯ ಉಸಿರಿನ ಮೇಲೆ ಗಮನ ಕಡಮೆ. ಇದರಿಂದ ಬೇಸತ್ತ ಶಸ್ತ್ರವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಎಚ್ಚರದ ದಾದಿಯರನ್ನು ಆರಿಸಿ ತರಬೇತು ಮಾಡತೊಡಗಿದರು. ಮಿನಸೋಟ ಸಂಸ್ಥಾನದ ಮೇಯೋ ಸೋದರರ ಆಸ್ಪತ್ರೆಯಲ್ಲಿದ್ದ ಆಲಿಸ್ ಮೆಗಾ ಎಂಬ ದಾದಿಯು, ತಾವು ಅರಿವಳಿಕೆ ನೀಡಿದ 14,000 ರೋಗಿಗಳಲ್ಲಿ ಅದರ ದೆಸೆಯಿಂದ ಒಬ್ಬರೂ ಸಾಯಲಿಲ್ಲವೆಂದು 1906ರಲ್ಲಿ ವರದಿ ಮಾಡಿದರು. 1931ರಲ್ಲಿ ಇಂತಹ ದಾದಿಯರದೇ ರಾಷ್ಟ್ರೀಯ ಸಂಘವೂ ಹುಟ್ಟಿತು. ಮಾರ್ಗರೆಟ್ ಸೇರಿದ್ದು ಈ ಪರಂಪರೆಗೆ.

ಅರಿವಳಿಕೆಯ ಕೆಲಸದಲ್ಲಿಯೂ ಉಸಿರೇ ಪ್ರಧಾನ. ಇಲ್ಲಿ ಅದು ಇನ್ನೊಬ್ಬರ ಉಸಿರು. ರೋಗಿಯನ್ನು ನಿದ್ದೆಗಿಳಿಸುವಾಗ ಒಂದು ಗಂಡಾಂತರ, ಎಚ್ಚರಕ್ಕೆ ತರುವಾಗ ಇನ್ನೊಂದು. ನಡುವೆ ಗಂಟೆಗಟ್ಟಲೆ ನಾಡಿ, ರಕ್ತದ ಒತ್ತಡ, ಉಸಿರಿನ ಲಯ, ತುಟಿಯ ಬಣ್ಣ ಇವುಗಳ ಮೇಲೆ ನೆಟ್ಟ ನೋಟ. ಎಲ್ಲವೂ ಸರಿಯಾಗಿ ನಡೆದ ದಿನ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಏನೂ ಆಗದಿರುವುದೇ ಅಲ್ಲಿಯ ವಿಜಯ. ಅದಕ್ಕೆ ಪದಕವಿಲ್ಲ, ಚಪ್ಪಾಳೆಯಿಲ್ಲ. ಎದ್ದು ಕುಳಿತ ರೋಗಿ ಮನೆಯವರನ್ನು ಹುಡುಕುತ್ತಾನೆಯೇ ಹೊರತು ತನ್ನನ್ನು ಕಾದವರನ್ನಲ್ಲ. ಬಂದೂಕನ್ನು ಹಿಡಿದಾಗ ತಮ್ಮ ಎದೆಬಡಿತವನ್ನು ಕೇಳಿಸಿಕೊಳ್ಳಬಲ್ಲ ಮಹಿಳೆಗೆ ಇತರರ ಎದೆಬಡಿತಕ್ಕೆ ಕಿವಿಗೊಡುವ ತಾಳ್ಮೆ ಹೊಸದಾಗಿ ಬರಬೇಕಾಗಿರಲಿಲ್ಲ.

ಮಾರ್ಗರೆಟ್ ತೆರೆದ ದಾರಿ ಮುಂದೇನಾಯಿತು? 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗಾಗಿಯೇ ಬಂದೂಕಿನ ಮೂರು ಸ್ಪರ್ಧೆಗಳು ಏರ್ಪಟ್ಟುವು. ಹೆಚ್ಚು ಮಂದಿ ಮಹಿಳೆಯರಿಗೆ ಅವಕಾಶ ದೊರೆಯಿತೆಂಬುದು ನಿಜ. ನಮ್ಮ ಸೋಮಾ ದತ್ತ ಇನ್ನೂ ಬಾಲಕಿಯಾಗಿದ್ದಾಗಲೇ ಅಲ್ಲಿ ಭಾರತದ ಪರವಾಗಿ ಸ್ಪರ್ಧಿಸುವಂತಾಯಿತು. ಆದರೆ ಗಂಡಸರೂ ಹೆಂಗಸರೂ ಒಂದೇ ಸಾಲಿನಲ್ಲಿ ನಿಂತು ಅಂಕವನ್ನು ಹೋಲಿಸಿಕೊಳ್ಳುವ ಪದ್ಧತಿ ಕ್ರಮೇಣ ಅಳಿಯಿತು. 1992ರ ಬಾರ್ಸಿಲೋನ ಒಲಿಂಪಿಕ್ಸ್‌ನಲ್ಲಿ, ಇನ್ನೂ ಎಲ್ಲರಿಗೂ ತೆರೆದಿದ್ದ ಸ್ಕೀಟ್ ಎಂಬ ಹಾರುವ ಬಿಲ್ಲೆಗಳ ಸ್ಪರ್ಧೆಯಲ್ಲಿ ಚೀನಾದ ಜಾಂಗ್ ಶಾನ್ ಪುರುಷರನ್ನು ಸೋಲಿಸಿ ಚಿನ್ನ ಗೆದ್ದರು. ನಾಲ್ಕು ವರ್ಷಗಳ ಮೇಲೆ, 1996ರಲ್ಲಿ, ಆ ಸ್ಪರ್ಧೆಯಲ್ಲಿ ಮಹಿಳೆಯರಿಗೆ ಪ್ರವೇಶವೇ ಇರಲಿಲ್ಲ! ಗೆದ್ದವರು ತಮ್ಮ ಗೆಲುವನ್ನು ಕಾಯ್ದುಕೊಳ್ಳಲು ಬರಲಾಗಲಿಲ್ಲ. ಅವರಿಗಾಗಿ ಬೇರೆಯ ಸ್ಕೀಟ್ ಸ್ಪರ್ಧೆ ಬಂದುದು 2000ದಲ್ಲಿ. ಪ್ರತ್ಯೇಕ ಪಂಕ್ತಿಯಲ್ಲಿ ಊಟ ಬಡಿಸಿದವರು, ಮೊದಲ ಪಂಕ್ತಿಯಲ್ಲಿ ಕುಳಿತು ಉಂಡಿದ್ದವರ ನೆನಪನ್ನಾದರೂ ಅಳಿಸಬಾರದು.

ಟೋಕಿಯೋ ಒಲಿಂಪಿಕ್ಸ್ 2021ರಲ್ಲಿ ನಡೆದಾಗ ಒಬ್ಬ ಪುರುಷ, ಒಬ್ಬ ಮಹಿಳೆ ಜೋಡಿಯಾಗಿ ಪಾಲುಗೊಳ್ಳುವ ಮಿಶ್ರ ತಂಡದ ಬಂದೂಕಿನ ಸ್ಪರ್ಧೆಗಳು ಆರಂಭವಾದುವು. 2024ರ ಪ್ಯಾರಿಸ್ ಕ್ರೀಡೆಗಳಲ್ಲಿ ಭಾರತದ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಪಿಸ್ತೂಲಿನ ಮಿಶ್ರ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದು ಒಟ್ಟಿಗೆ ವೇದಿಕೆ ಏರಿದುದನ್ನು ನಮ್ಮ ಮನೆಮನೆಗಳಲ್ಲಿ ನೋಡಿ ಸಂತೋಷಪಟ್ಟರು. 1976ರಲ್ಲಿ ಬ್ಯಾಷಮ್ ಮತ್ತು ಮಾರ್ಗರೆಟ್ ನಿಯಮವನ್ನು ಮೀರಿ ಏರಿದ ಒಂದೇ ಮೆಟ್ಟಿಲನ್ನು ಈಗ ನಿಯಮವೇ ಕಟ್ಟಿಕೊಟ್ಟಿದೆ. ಆದರೆ ಮಿಶ್ರ ತಂಡದಲ್ಲಿ ಅವರು ಜೊತೆಗಾರರು, ಎದುರಾಳಿಗಳಲ್ಲ. ಎದುರಾಳಿಗಳಾಗಿದ್ದೂ ಸಮಾನರಾಗಿದ್ದ ಹಳೆಯ ಜೋಡಿಯ ಘನತೆ ಬೇರೆಯದೇ.

ಹೆಣ್ಣುಮಕ್ಕಳು ಆಟದ ಮೈದಾನಕ್ಕೆ ಹೊರಟಾಗ ‘ನಾಳೆ ಮನೆ ನೋಡಿಕೊಳ್ಳುವವರು ಯಾರು?’ ಎಂದು ಕೇಳುವ ಹಿರಿಯರು ಇಂದಿಗೂ ಇಲ್ಲದಿಲ್ಲ. ಗುರಿಯ ಮುಂದೆ ಕಲಿತ ಸ್ಥೈರ್ಯವು ಮಗುವನ್ನು ಹೊತ್ತ ದೇಹಕ್ಕೂ ಆಸ್ಪತ್ರೆಯ ಹಾಸಿಗೆಗೂ ಒದಗಬಲ್ಲುದೆಂಬುದಕ್ಕೆ ಮಾರ್ಗರೆಟ್ ಮರ್ಡಾಕ್ ಅವರ ಬಾಳು ಸಾಕ್ಷಿ. ಕೊನೆಯ ಹತ್ತು ಗುಂಡುಗಳಲ್ಲಿ ಎರಡು ಅಂಕ ಕಡಮೆಯಾಗಿ ಚಿನ್ನ ತಪ್ಪಿದುದನ್ನು ದಾಖಲೆಯ ಪುಸ್ತಕಗಳು ಬರೆದಿಟ್ಟಿವೆ. ಅವರ ಕಾವಲಿನಲ್ಲಿ ನಿದ್ದೆ ಹೋಗಿ ಸುಖವಾಗಿ ಎದ್ದವರ ಲೆಕ್ಕವನ್ನು ಯಾವ ಪುಸ್ತಕವೂ ಬರೆದಿಡಲಿಲ್ಲ. ಅವರನ್ನು ನೆನೆಯುವಾಗ ಈ ಎರಡನೆಯ ಲೆಕ್ಕವನ್ನು ಮರೆಯಲಾಗದು.