ಈ ಯುಗಾದಿಗೆ ಕುದುರೆಮುಖ ಹತ್ತಬೇಡಿ

ಯುಗಾದಿ ಹತ್ತಿರ ಬಂತು. ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತು. ಹಬ್ಬದ ರಜೆಯನ್ನು ಶನಿವಾರ ಭಾನುವಾರಕ್ಕೆ ಜೋಡಿಸಿ ಎಲ್ಲಿಗೆ ಹೋಗೋಣ ಎಂದು ಲೆಕ್ಕ ಹಾಕುವ ಕಾಲ. ಬೆಂಗಳೂರಿನ ಎಷ್ಟೋ ವಾಟ್ಸ್ಯಾಪ್ ಗುಂಪುಗಳಲ್ಲಿ ಈಗ ಕುದುರೆಮುಖದ ಮಾತು ನಡೆಯುತ್ತಿರುತ್ತದೆ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಕಳಸ, ಅಲ್ಲಿಂದ ಸಂಸೆ, ಬಾಳೆಗಲ್, ಜೀಪಿನಲ್ಲಿ ಮುಳ್ಳೋಡಿ, ಆಮೇಲೆ ನಡಿಗೆ. ‘ಬೇಸಿಗೆಗೆ ಚಾರಣ ನಿಲ್ಲಿಸ್ತಾರಂತಲ್ಲ’ ಎಂದು ಒಬ್ಬರು ಅನುಮಾನಿಸುತ್ತಾರೆ. ‘ಅಲ್ಲೊಬ್ಬ ಗೊತ್ತಿರೋನಿದಾನೆ, ಬೆಳಗಿನ ಜಾವ ಹತ್ತಿಸ್ತಾನೆ’ ಎಂದು ಇನ್ನೊಬ್ಬರು ಧೈರ್ಯ ಹೇಳುತ್ತಾರೆ.

ಆ ಧೈರ್ಯದ ಮಾತಿಗೆ ತಲೆಯಾಡಿಸುವ ಮೊದಲು ನನ್ನದೊಂದು ಬೇಡಿಕೆ ಕೇಳಿ. ಈ ವಸಂತದಲ್ಲಿ ಬೆಟ್ಟ ಹತ್ತಬೇಡಿ. ಕದ್ದು ಹತ್ತುವುದಂತೂ ಬೇಡವೇ ಬೇಡ. ದಾರಿ ತೆರೆದಿದ್ದರೂ, ಚೀಟಿ ಸಿಕ್ಕಿದರೂ ನಿಮ್ಮ ಯಾತ್ರೆಯನ್ನು ಮಳೆಗಾಲ ಕಳೆದ ಮೇಲಕ್ಕೆ ಮುಂದೂಡಿ. ಕುದುರೆಮುಖವನ್ನು ಪ್ರೀತಿಸುವವರಿಗೇ ನಾನು ಈ ಮಾತು ಹೇಳುತ್ತಿರುವುದು. ಪ್ರೀತಿ ಇಲ್ಲದವರಿಗೆ ಹೇಳಿ ಏನು ಪ್ರಯೋಜನ?

ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಗೆ ಹಬ್ಬಿಕೊಂಡಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಫೋಟೋಗಳಲ್ಲಿ ನಾವು ನೋಡಿ ಮರುಳಾಗಿರುವುದು ಅದರ ಮಳೆಗಾಲದ ಮತ್ತು ಮಳೆ ಮುಗಿದ ಹೊಸತರ ರೂಪ: ಹಸಿರು ಹುಲ್ಲಿನ ಬೋಳುಗುಡ್ಡ, ಕಣಿವೆಗಳ ಮಡಿಲಲ್ಲಿ ಕಪ್ಪಗೆ ಕೂತ ಶೋಲಾ ಕಾಡು, ಮೇಲೆ ಮೋಡ. ಮಾರ್ಚ್ ತಿಂಗಳ ಕುದುರೆಮುಖ ಬೇರೆಯೇ. ಹುಲ್ಲು ಒಣಗಿ ಗೋಧಿ ಬಣ್ಣಕ್ಕೆ ತಿರುಗಿರುತ್ತದೆ. ಕೈಯಲ್ಲಿ ಹಿಸುಕಿದರೆ ಪುಡಿಪುಡಿ. ಮಧ್ಯಾಹ್ನವಾಗುತ್ತಿದ್ದಂತೆ ಕಣಿವೆಯಿಂದ ಗಾಳಿ ಏಳುತ್ತದೆ. ಚಾರಣದ ಹಾದಿಯಲ್ಲಿ ಸಿಗುವ ಒಂಟಿಮರ ದಾಟಿ ಮೇಲೇರಿದರೆ ಶಿಖರದವರೆಗೂ ಎರಡೂ ಕಡೆ ಇದೇ ಒಣಹುಲ್ಲು. ಅಲ್ಲಿ ಒಬ್ಬ ಸೇದಿ ಬಿಸಾಕಿದ ಸಿಗರೇಟಿನ ತುಂಡು ಸಾಕು.

ನಮ್ಮ ಕಾಡಿಗೆ ಬೆಂಕಿ ಬೀಳುವುದು ಬಹುಪಾಲು ಮನುಷ್ಯರ ಕೈಯಿಂದಲೇ. ಎಲ್ಲ ಬೆಂಕಿಯೂ ಚಾರಣಿಗರದ್ದಲ್ಲ, ನಿಜ. ಹೊಸ ಹುಲ್ಲು ಚಿಗುರಲೆಂದು ಕಡ್ಡಿ ಗೀರುವವರಿದ್ದಾರೆ, ಯಾರ ಮೇಲಿನದೋ ಸಿಟ್ಟನ್ನು ಕಾಡಿನ ಮೇಲೆ ತೀರಿಸಿಕೊಳ್ಳುವವರೂ ಇದ್ದಾರೆ. ಹಾಗೆಂದು ನಮ್ಮ ಪಾಲು ಕಳೆದುಹೋಗುವುದಿಲ್ಲ. ಒಂದು ವಾರಾಂತ್ಯಕ್ಕೆ ನೂರಾರು ಜನ ಒಣಗಿದ ಬೆಟ್ಟದ ಮೇಲಿದ್ದಾರೆಂದರೆ ನೂರಾರು ಜನರ ಅಜಾಗರೂಕತೆಗೂ ಅಲ್ಲಿ ಎಡೆಯಿದೆ. ಬೆಂಕಿಗೆ ಒಬ್ಬನೇ ಸಾಕು.

ಸುಟ್ಟರೇನಂತೆ, ಮಳೆ ಬಂದರೆ ಮತ್ತೆ ಹಸಿರಾಗುತ್ತದಲ್ಲ ಎನ್ನುವವರನ್ನೂ ಕೇಳಿದ್ದೇನೆ. ಹುಲ್ಲು ಚಿಗುರುತ್ತದೆ, ಸುಳ್ಳಲ್ಲ. ಆದರೆ ಶೋಲಾದ ಅಂಚಿನಲ್ಲಿ ಬೆರಳೆತ್ತರ ಎದ್ದಿದ್ದ ಮರದ ಸಸಿ ಮತ್ತೆ ಏಳುವುದಿಲ್ಲ. ವರ್ಷ ವರ್ಷವೂ ಬೆಂಕಿ ಬಂದರೆ ವರ್ಷ ವರ್ಷವೂ ಕಾಡು ಹಿಂದೆ ಸರಿಯುತ್ತದೆ. ಬೂದಿಯಾದ ಇಳಿಜಾರಿನ ಮೇಲೆ ಮೊದಲ ಜೋರು ಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಆ ಮಣ್ಣು ಒಂದು ಮಳೆಗಾಲದಲ್ಲಿ ಕೂಡಿದ್ದಲ್ಲ, ಇನ್ನೊಂದು ಮಳೆಗಾಲದಲ್ಲಿ ವಾಪಸು ಬರುವುದೂ ಇಲ್ಲ.

ಬೆಂಕಿ ಆರಿಸುವವರು ಯಾರು ಎಂದೂ ಯೋಚಿಸಿ. ಹೆಲಿಕಾಪ್ಟರ್ ಬಂದು ನೀರು ಸುರಿಯುತ್ತದೆ ಎಂದುಕೊಂಡಿದ್ದರೆ ತಪ್ಪು. ಕಡಿದಾದ ಗುಡ್ಡಕ್ಕೆ ನೀರಿನ ಗಾಡಿ ಏರುವುದಿಲ್ಲ. ಅರಣ್ಯ ರಕ್ಷಕರು, ಹಂಗಾಮಿಗೆಂದು ದಿನಗೂಲಿಯ ಮೇಲೆ ಸೇರಿಸಿಕೊಂಡ ಬೆಂಕಿ ಕಾವಲಿನವರು, ಪಕ್ಕದ ಹಳ್ಳಿಯ ಹುಡುಗರು ಕಾಲ್ನಡಿಗೆಯಲ್ಲೇ ಏರಬೇಕು. ಕೈಗೆ ಸಿಕ್ಕ ಹಸಿಸೊಪ್ಪಿನ ಕೊಂಬೆ ಮುರಿದು ಉರಿಯ ಅಂಚನ್ನು ಬಡಿಯುತ್ತಾರೆ. ಹೊಗೆಯಲ್ಲಿ ಕಣ್ಣು ಬಿಡಲಾಗುವುದಿಲ್ಲ, ಗಾಳಿ ತಿರುಗಿದರೆ ಓಡಲು ದಾರಿಯಿರುವುದಿಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಅಲ್ಲೇ ಪ್ರಾಣ ಬಿಟ್ಟರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಸುಟ್ಟಗಾಯಗೊಂಡ ಇನ್ನೊಬ್ಬರು ಉಳಿಯಲಿಲ್ಲ. ನಮ್ಮ ಎರಡು ದಿನದ ಖುಷಿಗೆ ಇಂಥ ಒಂದು ಮನೆಯ ದೀಪವನ್ನು ಪಣಕ್ಕಿಡುವ ಹಕ್ಕು ನಮಗೆ ಯಾರು ಕೊಟ್ಟರು?

ಅಪಾಯ ಅವರಿಗೆ ಮಾತ್ರವೂ ಅಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚು ಚಾರಣಿಗರನ್ನೇ ಸುತ್ತುವರಿಯಿತು. ಅವರೂ ನಮ್ಮ ಹಾಗೆ ವಾರಾಂತ್ಯಕ್ಕೆಂದು ಊರಿಂದ ಬಂದಿದ್ದವರು. ಒಣಹುಲ್ಲಿನ ಇಳಿಜಾರು, ಬೀಸುವ ಗಾಳಿ, ಓಡಲು ತಿಳಿಯದ ದಾರಿ. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಕುರಂಗಣಿಯ ಆ ಇಳಿಜಾರಿಗೂ ಮಾರ್ಚಿನ ಕುದುರೆಮುಖಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಬೆಂಕಿಯ ಮಾತು ಪಕ್ಕಕ್ಕಿಡಿ. ಒಂದು ಕಿಡಿಯೂ ಬೀಳುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ ವಸಂತದ ಬೆಟ್ಟಕ್ಕೆ ನಾವು ಬೇಡದ ಅತಿಥಿಗಳು. ನಾಗಸಂಪಿಗೆಯ ಕೆಂಪು ಚಿಗುರು, ಸುರಗಿಯ ಘಮ ಎಲ್ಲ ಬರುವ ಈ ತಿಂಗಳುಗಳಲ್ಲೇ ಕಾಡಿನಲ್ಲಿ ಸಂಸಾರ ಶುರುವಾಗುವುದು. ಮಲೆ ಮಂಗಟ್ಟೆ ಹಕ್ಕಿಯನ್ನೇ ನೋಡಿ. ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯಿಂದಲೇ ಅದರ ಬಾಯಿ ಮುಚ್ಚಿಕೊಂಡು, ಕೊಕ್ಕು ಹೊರಚಾಚುವಷ್ಟು ಸೀಳೊಂದನ್ನು ಬಿಟ್ಟು ಒಳಗೇ ಕೂರುತ್ತದೆ. ಅಲ್ಲೇ ಮೊಟ್ಟೆ, ಅಲ್ಲೇ ಮರಿ. ಹಾರುವ ಗರಿಗಳನ್ನೂ ಅದು ಒಳಗೇ ಉದುರಿಸಿಕೊಳ್ಳುತ್ತದೆ. ಹೊರಗಿರುವ ಗಂಡು ಆಲ, ಅತ್ತಿ, ಬಸರಿಯ ಹಣ್ಣು ನುಂಗಿ ತಂದು, ಒಂದೊಂದಾಗಿ ಕಕ್ಕಿ, ಆ ಸೀಳಿನೊಳಗೆ ಇಡುತ್ತದೆ. ದಿನವಿಡೀ ಇದೇ ಕೆಲಸ. ಕೆಳಗೆ ಗುಂಪು ನಿಂತು ಕೇಕೆ ಹಾಕುತ್ತಿದ್ದರೆ, ಸ್ಪೀಕರಿನಲ್ಲಿ ಹಾಡು ಮೊಳಗುತ್ತಿದ್ದರೆ ಗಂಡು ಮರದ ಹತ್ತಿರ ಇಳಿಯಲು ಹೆದರುತ್ತದೆ. ಒಳಗಿರುವ ತಾಯಿಗೂ ಮರಿಗೂ ಬೇರೆ ಊಟವಿಲ್ಲ, ಹೊರಗೆ ಹಾರುವ ಶಕ್ತಿಯೂ ಇಲ್ಲ.

ತೊರೆಗಳೂ ಹಾಗೆಯೇ. ಆಗಸ್ಟಿನಲ್ಲಿ ದಾಟಲಾಗದಂತೆ ಭೋರ್ಗರೆದ ಹಳ್ಳ ಮಾರ್ಚಿನಲ್ಲಿ ಕಲ್ಲಿನ ಸಂದಿಯ ಒಂದೆರಡು ಗುಂಡಿಗಳಿಗೆ ಇಳಿದಿರುತ್ತದೆ. ಕಡವೆ, ಕಾಟಿ, ಸಿಂಗಳೀಕ, ಕಪ್ಪೆ, ಮೀನು ಎಲ್ಲಕ್ಕೂ ಅದೇ ನೀರು. ನಾವು ಬೆವರಿಳಿಸಿಕೊಂಡು ಬಂದು ಬ್ಯಾಗು ಬಿಸಾಕಿ ಧುಮುಕುವುದೂ ಅದೇ ಗುಂಡಿಗೆ.

ಹಸಿಬಾಣಂತಿ ಮಲಗಿರುವ ಮನೆಗೆ ನಾವು ಹೇಳದೆ ಕೇಳದೆ ನುಗ್ಗುವುದಿಲ್ಲ. ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳುತ್ತೇವೆ. ಇನ್ನೊಂದು ದಿನ ಬನ್ನಿ ಎಂದರೆ ಬೇಜಾರಿಲ್ಲದೆ ಹಿಂತಿರುಗುತ್ತೇವೆ. ಕೇರಳ ಈ ಮರ್ಯಾದೆಯನ್ನು ಬೆಟ್ಟಕ್ಕೂ ಕೊಟ್ಟಿದೆ. ಮುನ್ನಾರಿನ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ನೀಲಗಿರಿ ತಾರ್ ಎಂಬ ಕಾಡು ಆಡು ಮರಿ ಹಾಕುವ ಕಾಲವೆಂದು ಪ್ರತಿ ವರ್ಷ ಫೆಬ್ರುವರಿ, ಮಾರ್ಚ್ ತಿಂಗಳು ಪ್ರವಾಸಿಗರಿಗೆ ಬಾಗಿಲು ಹಾಕುತ್ತಾರೆ. ಅದರಿಂದ ಮುನ್ನಾರಿನ ಪ್ರವಾಸೋದ್ಯಮವೇನೂ ಮುಳುಗಿಹೋಗಿಲ್ಲ.

ನಮಗೂ ಇದು ಹೊಸತಲ್ಲ. 2019ರ ಮೇ ತಿಂಗಳು ನೆನಪಿದೆಯೇ? ನೇತ್ರಾವತಿ ಬತ್ತಿತ್ತು. ತುಂಬೆ ಅಣೆಕಟ್ಟಿನಲ್ಲಿ ನೀರಿಳಿದು ಮಂಗಳೂರಿಗೆ ಸರದಿಯ ಲೆಕ್ಕದಲ್ಲಿ ನೀರು ಹಂಚುವ ಸ್ಥಿತಿ ಬಂದಿತ್ತು. ಆಗ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು, ನೀರಿನ ಅಭಾವವಿದೆ, ಯಾತ್ರೆಯನ್ನು ಮುಂದೂಡಿ ಎಂದು ಭಕ್ತರಲ್ಲಿ ಮನವಿ ಮಾಡಿಕೊಂಡರು. ಹರಕೆ ಹೊತ್ತವರಿಗೆ, ಸಾವಿರಾರು ಜನರಿಗೆ ದಿನವೂ ಅನ್ನ ಹಾಕುವ ಕ್ಷೇತ್ರವೇ, ಈಗ ಬರಬೇಡಿ ಎಂದು ಹೇಳಬೇಕಾಯಿತು. ಆ ಮನವಿಯಲ್ಲಿ ಯಾರೂ ಅವಮಾನ ಕಾಣಲಿಲ್ಲ. ಬೇಸಿಗೆ ಬಂದಾಗ ನದಿಗೂ ಒಂದು ಮಿತಿ ಇದೆ ಎಂದು ಎಲ್ಲರಿಗೂ ಅರ್ಥವಾಗಿತ್ತು.

ಆ ನೇತ್ರಾವತಿ ಹುಟ್ಟುವುದು ಇದೇ ಕುದುರೆಮುಖ ಶ್ರೇಣಿಯಲ್ಲಿ. ತುಂಗೆ, ಭದ್ರೆಯರ ತೌರೂ ಇಲ್ಲಿನ ಗಂಗಾಮೂಲವೇ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಈ ಗುಡ್ಡಗಳಲ್ಲಿ ಹುಲ್ಲಿನ ಬೇರು ಮತ್ತು ಶೋಲಾದ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಜಿನುಗಿಸುತ್ತವೆ. ಶಿವಮೊಗ್ಗ, ದಾವಣಗೆರೆಯ ನಲ್ಲಿ, ಹೊಸಪೇಟೆ, ಗಂಗಾವತಿಯ ಗದ್ದೆ, ಮಂಗಳೂರಿನ ಕೊಡಪಾನ ಇವೆಲ್ಲ ಆ ಜಿನುಗನ್ನು ನಂಬಿಕೊಂಡಿವೆ. ನದಿ ಬತ್ತಿದಾಗ ಮಂಜುನಾಥನ ದರ್ಶನವನ್ನೇ ಮುಂದೂಡಿದ ನಾವು, ಆ ನದಿಯ ತೌರುಮನೆ ಒಣಗಿ ನಿಂತಿರುವಾಗ ಒಂದು ಚಾರಣವನ್ನು ಮುಂದೂಡಲಾರೆವೇ?

ಈ ಬೆಟ್ಟ ನಮಗೆ ಪುಕ್ಕಟೆಯಾಗಿ ಉಳಿದು ಬಂದದ್ದಲ್ಲ. 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರು ಕಂಪನಿ ಇದರ ಹೊಟ್ಟೆ ಬಗೆಯಿತು. ಲಕ್ಯಾ ಹೊಳೆಗೆ ಅಡ್ಡಲಾಗಿ ಎದ್ದ 100 ಮೀಟರ್ ಎತ್ತರದ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ಇಂದಿಗೂ ಮಡುಗಟ್ಟಿ ನಿಂತಿದೆ. ತುಂಗಾ, ಭದ್ರಾ ತೀರದ ರೈತರು, ವಿದ್ಯಾರ್ಥಿಗಳು, ಬರಹಗಾರರು ಬೀದಿಗಿಳಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರಾದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಬಾಗಿಲು ಬಡಿದರು. 2002ರಲ್ಲಿ ಬಂದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಅಷ್ಟು ದೊಡ್ಡ ಕಂಪನಿಯನ್ನು ಹೊರಗೆ ಕಳಿಸಿದ ನಾಡು ನಮ್ಮದು. ಅವರು ಉಳಿಸಿಕೊಟ್ಟ ಗುಡ್ಡವನ್ನು ನಾವು ವಾರಾಂತ್ಯಗಳಲ್ಲಿ ತುಳಿದು ತುಳಿದು ಸವೆಸಿದರೆ ಆ ಹೋರಾಟಕ್ಕೆ ಯಾವ ಮುಖ ತೋರಿಸುವುದು? 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಇರುವೆ ಸಾಲಿನಂತೆ ನಿಂತ ಜನಸಾಗರದ ವಿಡಿಯೋಗಳನ್ನು ಇಡೀ ರಾಜ್ಯ ನೋಡಿತು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಕಾನೂನು ತನ್ನ ಕೆಲಸ ಮಾಡಿದೆ. ಇನ್ನು ಉಳಿದಿರುವುದು ನಮ್ಮ ಮನಸ್ಸಾಕ್ಷಿಯ ಕೆಲಸ.

ಹಾಗಾದರೆ ಬೆಟ್ಟದ ಬುಡದ ಜನ ಏನು ತಿನ್ನಬೇಕು ಎಂದು ನೀವು ಕೇಳಬೇಕು. ಕೇಳಲೇಬೇಕಾದ ಪ್ರಶ್ನೆ ಅದು. ರಾಷ್ಟ್ರೀಯ ಉದ್ಯಾನದ ಕಟ್ಟುಪಾಡುಗಳ ಭಾರವನ್ನು ಹೊತ್ತವರು ಇಲ್ಲಿನ ಮಲೆಕುಡಿಯರು, ಸಣ್ಣ ಹಿಡುವಳಿಯ ರೈತರು. ಜೀಪು ಓಡಿಸುವವರು, ಹೋಂಸ್ಟೇ ನಡೆಸುವವರು, ದಾರಿ ತೋರುವ ಹುಡುಗರು ನಮ್ಮನ್ನೇ ನಂಬಿದ್ದಾರೆ. ಅವರ ಅನ್ನ ಕಿತ್ತುಕೊಳ್ಳುವ ಮಾತನ್ನು ನಾನು ಆಡುವುದಿಲ್ಲ. ಮಲೆನಾಡಿಗೆ ಬರಬೇಡಿ ಎಂದು ನಾನು ಹೇಳಲಿಲ್ಲ, ಬೆಟ್ಟ ಹತ್ತಬೇಡಿ ಎಂದೆ. ಬನ್ನಿ. ಸಂಸೆ, ಕಳಸದ ಮನೆಗಳಲ್ಲೇ ಉಳಿಯಿರಿ, ಚೌಕಾಸಿ ಮಾಡದೆ ಹಣ ಕೊಡಿ. ಹೂಮಳೆ ಬಿದ್ದು ವಾರ ಹತ್ತು ದಿನ ಕಳೆದರೆ ಕಾಫಿ ತೋಟಗಳು ಬೆಳ್ಳಗೆ ಅರಳಿ ನಿಲ್ಲುತ್ತವೆ. ಆ ಪರಿಮಳವನ್ನು ಒಮ್ಮೆ ಉಂಡವರು ಮರೆಯುವುದಿಲ್ಲ. ಮಾವಿನ ಮಿಡಿಯ ಕಾಲ, ಎಳೆ ಹಲಸಿನ ಪಲ್ಯದ ಕಾಲ. ಹೊರನಾಡು, ಶೃಂಗೇರಿ ಪಕ್ಕದಲ್ಲೇ ಇವೆ. ಮಕ್ಕಳಿಗೆ ಭದ್ರೆಯ ದಡದಲ್ಲಿ ಕೂತು ಈ ನೀರು ಎಲ್ಲಿಂದ ಬಂತೆಂದು ಹೇಳಿಕೊಡಿ. ಬೆಟ್ಟವನ್ನು ಕೆಳಗಿನಿಂದ ತೋರಿಸಿ, ಮಳೆ ಮುಗಿದ ಮೇಲೆ ಹತ್ತೋಣ ಎಂದು ಮಾತು ಕೊಡಿ.

ಚಾರಣ ಏರ್ಪಡಿಸುವ ಸಂಸ್ಥೆಗಳಿಗೆ ನನ್ನ ಮಾತು ಇನ್ನೂ ನೇರ. ಫೆಬ್ರುವರಿಯಿಂದ ಮೇವರೆಗೆ ಹುಲ್ಲುಗಾವಲಿನ ಚಾರಣಗಳನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ. ನಿಷೇಧದ ಆದೇಶ ಬರಲೆಂದು ಕಾಯಬೇಡಿ, ಬಂದ ಮೇಲೆ ಸಂದು ಹುಡುಕಬೇಡಿ. ‘ಗೊತ್ತಿರೋನ’ ಮೂಲಕ ಕತ್ತಲಲ್ಲಿ ಹತ್ತಿಸುವ ದಂಧೆ ನಿಮ್ಮ ಕಣ್ಣೆದುರೇ ನಡೆಯುತ್ತಿದ್ದರೆ ಇಲಾಖೆಗೆ ತಿಳಿಸಿ. ಸರ್ಕಾರಕ್ಕೂ ಒಂದು ಮಾತು. ಬೆಂಕಿ ಕಾವಲಿನವರಿಗೆ ಕೂಲಿ ತಿಂಗಳಿಗೆ ಸರಿಯಾಗಿ ಕೈಸೇರಲಿ, ಕಾಲಿಗೆ ಒಳ್ಳೆಯ ಬೂಟು, ಮೈಮೇಲೆ ಬೆಂಕಿ ತಡೆಯುವ ಬಟ್ಟೆ, ಮನೆಯವರ ಹೆಸರಿಗೆ ವಿಮೆ ಇರಲಿ. ದಾರಿ ಮುಚ್ಚಿದ ತಿಂಗಳುಗಳಲ್ಲಿ ಜೀಪಿನವರಿಗೆ, ಗೈಡುಗಳಿಗೆ ಬೆಂಕಿ ರೇಖೆ ಕಡಿಯುವ, ಕಾವಲು ಕಾಯುವ ಕೆಲಸ ಮೊದಲು ಸಿಗಲಿ. ಬೆಟ್ಟ ಅವರಷ್ಟು ಯಾರಿಗೂ ಗೊತ್ತಿಲ್ಲ.

ಇನ್ನು ನೀವು. ಇವತ್ತೇ ನಿಮ್ಮ ಗುಂಪಿನಲ್ಲಿ ಬರೆಯಿರಿ: ಈ ಯುಗಾದಿಗೆ ಬೇಡ, ಅಕ್ಟೋಬರಿಗೆ ಹೋಗೋಣ. ಯಾರಾದರೂ ನಗಬಹುದು, ಒಬ್ಬಿಬ್ಬರು ಮುನಿಸಿಕೊಳ್ಳಬಹುದು. ಮುನಿಸು ನಾಲ್ಕು ದಿನಕ್ಕೆ ಇಳಿಯುತ್ತದೆ. ಬುಕ್ ಮಾಡಿದ್ದರೆ ರದ್ದು ಮಾಡಿ, ಆ ದುಡ್ಡು ಹೋದರೆ ಹೋಗಲಿ. ಹತ್ತಿಸುತ್ತೇನೆಂದು ಫೋನ್ ಮಾಡಿದವನಿಗೆ, ಮಳೆ ಕಳೆದ ಮೇಲೆ ನಿನ್ನ ಜೊತೆಯಲ್ಲೇ ಬರುತ್ತೇವೆ, ಈಗ ಬೇಡ ಎಂದು ಹೇಳಿ. ಒಬ್ಬರು ಹೇಳಿದರೆ ಒಂದು ಗುಂಪು ನಿಲ್ಲುತ್ತದೆ. ನೂರು ಜನ ಹೇಳಿದರೆ ನಾಲ್ಕು ತಿಂಗಳು ಬೆಟ್ಟ ತನ್ನ ಮರಿಗಳನ್ನು ಸಾಕಿಕೊಳ್ಳುತ್ತದೆ, ತನ್ನ ನೀರನ್ನು ಕಾಪಾಡಿಕೊಳ್ಳುತ್ತದೆ. ಆ ನೀರು ನಮ್ಮದೇ ನೀರು. ಮುಂದೂಡಿ, ದಯವಿಟ್ಟು ಮುಂದೂಡಿ.