ಆಟದ ರೈಲು ಮತ್ತು ಕೆಂಪು ದೀಪ

ಮಾದರಿ ರೈಲುಗಳೆಂದರೆ ಮಕ್ಕಳ ಆಟಿಕೆಗಳೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಜರ್ಮನಿ, ಅಮೆರಿಕ ಮೊದಲಾದ ದೇಶಗಳಲ್ಲಿ ವಯಸ್ಕರಾದ ಅನೇಕ ಹವ್ಯಾಸಿಗಳು ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆಗೆ ಎಂಜಿನ್ನು, ಗಾಡಿ, ನಿಲ್ದಾಣ, ಕೈಮರಗಳನ್ನು ನಿರ್ಮಿಸಿ ನಡೆಸುತ್ತಾರೆ. ಕೈಮರದಲ್ಲಿ ಕೆಂಪು ದೀಪವಿದ್ದಾಗ ಗಾಡಿಯು ತಾನಾಗಿಯೇ ನಿಲ್ಲುವಂತೆ ಮಾಡುವುದು ಹೇಗೆಂಬುದು ಅವರಲ್ಲಿ ಬಹುಕಾಲದಿಂದ ಚರ್ಚೆಗೆ ಒಳಗಾಗಿರುವ ಪ್ರಶ್ನೆ. ಪ್ರಶ್ನೆಯೇನೋ ಚಿಕ್ಕದು, ಆದರೆ ಅದರ ಉತ್ತರದಲ್ಲಿ ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದ ತತ್ತ್ವವೊಂದು ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಹಳೆಯ ವಿಧಾನ ಬಹು ಸರಳವಾದುದು. ಕೈಮರದ ಮುಂಚಿನ ತುಂಡು ಕಂಬಿಯನ್ನು ಉಳಿದ ಹಾದಿಯಿಂದ ಬೇರ್ಪಡಿಸಿ, ಕೆಂಪು ದೀಪ ಹೊತ್ತಿದಾಗ ಅದರ ವಿದ್ಯುತ್ತನ್ನು ಕಡಿದುಬಿಡುತ್ತಿದ್ದರು. ಎಂಜಿನ್ನು ಗಕ್ಕನೆ ನಿಲ್ಲುತ್ತಿತ್ತು. ಅದರ ದೀಪಗಳೂ ಆರುತ್ತಿದ್ದುವು. ನೋಟಕ್ಕೆ ಇದು ಅಸಹಜ. ಆದರೆ ವಿದ್ಯುತ್ತಿಲ್ಲದ ಎಂಜಿನ್ನು ಮುಂದೆ ಹೋಗಲಾರದು ಎಂಬ ಭರವಸೆಯಾದರೂ ಅದರಲ್ಲಿತ್ತು.

1990ರ ದಶಕದಲ್ಲಿ ಡಿಜಿಟಲ್ ನಿಯಂತ್ರಣವು ಪ್ರಮಾಣೀಕೃತವಾದ ಮೇಲೆ ಪರಿಸ್ಥಿತಿ ಬದಲಾಯಿತು. ಈ ಪದ್ಧತಿಯಲ್ಲಿ ಕಂಬಿಗಳ ಮೇಲೆ ಸದಾಕಾಲವೂ ವಿದ್ಯುತ್ತಿರುತ್ತದೆ. ಅದರ ದಿಕ್ಕು ಕ್ಷಣಕ್ಷಣಕ್ಕೂ ಹಿಂದುಮುಂದಾಗುತ್ತದೆ. ಅರ್ಧ ಆವರ್ತವು 58 ಮೈಕ್ರೊಸೆಕೆಂಡುಗಳಾದರೆ 'ಒಂದು', 100 ಮೈಕ್ರೊಸೆಕೆಂಡು ಅಥವಾ ಅದಕ್ಕೂ ದೀರ್ಘವಾದರೆ 'ಸೊನ್ನೆ'. ಎಂಜಿನ್ನಿನೊಳಗಿನ ಡಿಕೋಡರ್ ಈ ಲಿಪಿಯನ್ನು ಓದಿ, ತನಗೆ ಬಂದ ಅಪ್ಪಣೆಯಂತೆ ಮೋಟಾರನ್ನು ನಡೆಸುತ್ತದೆ. ಆದುದರಿಂದ ನಿಲ್ಲುವುದೂ ಈಗ ಒಂದು ಅಪ್ಪಣೆಯಾಗಿ ಪರಿಣಮಿಸಿದೆ.

ಈ ಅಪ್ಪಣೆಯನ್ನು ಕೈಮರದ ಬಳಿಯಲ್ಲಿಯೇ ಕೊಡಲು ಜರ್ಮನಿಯ ಲೆಂಜ್ ಸಂಸ್ಥೆ ಬಳಕೆಗೆ ತಂದ ಉಪಾಯವು ಭೌತಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಸುಂದರವಾದುದು. ನಿಲುಗಡೆಯ ತುಂಡು ಕಂಬಿಗೆ ವಿದ್ಯುತ್ತು ಹೋಗುವ ದಾರಿಯಲ್ಲಿ ನಾಲ್ಕು ಡಯೋಡ್‌ಗಳನ್ನು ಒಂದು ದಿಕ್ಕಿಗೂ, ಒಂದನ್ನು ವಿರುದ್ಧ ದಿಕ್ಕಿಗೂ ಜೋಡಿಸುತ್ತಾರೆ. ಪ್ರತಿಯೊಂದು ಡಯೋಡ್ ಸುಮಾರು 0.7 ವೋಲ್ಟ್‌ನಷ್ಟು ಒತ್ತಡವನ್ನು ನುಂಗುವುದರಿಂದ ಆವರ್ತದ ಎರಡು ಅರ್ಧಗಳ ನಡುವೆ ಸುಮಾರು 2 ವೋಲ್ಟ್‌ಗಳ ಅಂತರ ಉಂಟಾಗುತ್ತದೆ. ಡಿಕೋಡರ್ ಈ ಅಸಮತೆಯನ್ನು ಗುರುತಿಸಿ ವೇಗವನ್ನು ತಗ್ಗಿಸತೊಡಗುತ್ತದೆ. ದೀಪಗಳು ಆರುವುದಿಲ್ಲ, ಎದುರು ದಿಕ್ಕಿನಿಂದ ಬರುವ ಗಾಡಿಗೆ ಅಸಮತೆಯು ಮತ್ತೊಂದು ಕಂಬಿಯ ಕಡೆಗೆ ತೋರುವುದರಿಂದ ಅದು ನಿಲ್ಲದೆ ಸಾಗುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 90 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 25 ಮೀ.; ಮಾದರಿಯಲ್ಲಿ ಅದು ಸುಮಾರು 29 ಸೆಂ.ಮೀ. ನಿಲುಗಡೆಯ ತುಂಡು 80 ಸೆಂ.ಮೀ. ಉದ್ದವಿದ್ದರೆ ಗಾಡಿ ಸುಮಾರು ಐದೂವರೆ ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಒಂದೇ ಮಂದನದಿಂದ ಅರ್ಧ ವೇಗದ ಗಾಡಿಯನ್ನು ನಿಲ್ಲಿಸಿದರೆ ಅದಕ್ಕೆ ಕಾಲು ಪಾಲು ದೂರವೇ ಸಾಕು; ಅಂದರೆ ಅದು ಕೈಮರಕ್ಕೆ 60 ಸೆಂ.ಮೀ. ಹಿಂದೆಯೇ ನಿಂತುಬಿಡುವುದು. ಆದುದರಿಂದ ಒಳ್ಳೆಯ ಡಿಕೋಡರ್‌ಗಳು ದೂರವನ್ನು ಸ್ಥಿರವಾಗಿಟ್ಟುಕೊಂಡು ಮಂದನವನ್ನು ವೇಗಕ್ಕೆ ತಕ್ಕಂತೆ ಬದಲಾಯಿಸುತ್ತವೆ. ಮೋಟಾರು ತಿರುಗುವಾಗ ತಾನೇ ಹುಟ್ಟಿಸುವ ವಿದ್ಯುತ್ತಿನಿಂದ ಅವು ವೇಗವನ್ನು ಅಳೆಯುತ್ತವೆ.

ಇಷ್ಟು ಜಾಣತನದ ನಡುವೆ ಒಂದು ಪ್ರಶ್ನೆ ಉಳಿಯುತ್ತದೆ. ತಂತಿ ತುಂಡಾದರೆ ಗಾಡಿ ಏನು ಮಾಡುತ್ತದೆ?

1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಎಂಬಲ್ಲಿ ಮಕ್ಕಳೇ ಹೆಚ್ಚಾಗಿದ್ದ ಪ್ರವಾಸದ ಗಾಡಿಯೊಂದು ಏರಿನಲ್ಲಿ ನಿಂತಿತು. ಅದನ್ನು ಎರಡು ಭಾಗ ಮಾಡಿ ಮುಂಭಾಗವನ್ನು ಮೊದಲು ಒಯ್ಯಲು ನಿರ್ಧರಿಸಿದರು. ಅದರ ಬ್ರೇಕು ಎಂಜಿನ್ನಿನಿಂದ ಬರುವ ನಿರ್ವಾತದ ಬಲದಿಂದ ಹಿಡಿಯುವಂಥದು. ಕೊಂಡಿ ಬಿಚ್ಚಿದೊಡನೆ ಹಿಂಭಾಗದಲ್ಲಿ ಆ ಹಿಡಿತವೇ ಇಲ್ಲವಾಯಿತು. ಗಾಡಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಬರುತ್ತಿದ್ದ ಮತ್ತೊಂದು ರೈಲಿಗೆ ಅಪ್ಪಳಿಸಿದುವು. 80 ಮಂದಿ ಮಡಿದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಪ್ರಯಾಣಿಕರ ಗಾಡಿಗಳಿಗೆ ಸ್ವಯಂಚಾಲಕ ಬ್ರೇಕನ್ನು ಕಡ್ಡಾಯಗೊಳಿಸಿತು. ಅದರ ತತ್ತ್ವ ತಲೆಕೆಳಗು: ಬ್ರೇಕನ್ನು ಸಡಿಲವಾಗಿಡಲು ಬಲ ಬೇಕು, ಬಲ ತಪ್ಪಿದೊಡನೆ ಗಾಡಿ ತಾನೇ ನಿಲ್ಲುತ್ತದೆ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ರೂಪಿಸಿದ ಕಂಬಿಮಂಡಲದಲ್ಲಿಯೂ ಇದೇ ನೀತಿಯಿದೆ. ಕಂಬಿಗಳಲ್ಲಿ ಹರಿಯುವ ವಿದ್ಯುತ್ತೇ ಹಸಿರನ್ನು ಎತ್ತಿ ಹಿಡಿದಿರುತ್ತದೆ. ಗಾಡಿ ಬಂದರೂ, ಕಂಬಿ ಮುರಿದರೂ, ವಿದ್ಯುತ್ತು ತಪ್ಪಿದರೂ ಕೆಂಪೇ ಗತಿ.

ಮಾದರಿ ರೈಲಿಗೂ ಇದೇ ನೀತಿ ಸಲ್ಲಬೇಕು. ಕೆಂಪು ಬಂದಾಗ ಡಯೋಡ್‌ಗಳನ್ನು ಜೋಡಿಸುವ ರಿಲೇ ಇಟ್ಟರೆ, ರಿಲೇ ಕೆಟ್ಟ ದಿನ ಗಾಡಿ ಕೆಂಪನ್ನು ದಾಟುತ್ತದೆ. ಡಯೋಡ್‌ಗಳು ಯಾವಾಗಲೂ ದಾರಿಯಲ್ಲಿದ್ದು, ಹಸಿರು ಬಂದಾಗ ಮಾತ್ರ ರಿಲೇ ಅವನ್ನು ಬಳಸಿಹೋಗುವ ದಾರಿ ತೆರೆಯುವಂತಿದ್ದರೆ, ತಂತಿ ತುಂಡಾದ ದಿನ ಗಾಡಿ ನಿಲ್ಲುತ್ತದೆ. ಉಪಕರಣಗಳು ಅವೇ, ಖರ್ಚೂ ಅಷ್ಟೇ. ಬದಲಾದುದು ಯೋಚನೆ ಮಾತ್ರ. ನಿಲುಗಡೆಯನ್ನೆಲ್ಲ ದೂರದ ಕಂಪ್ಯೂಟರಿಗೆ ಒಪ್ಪಿಸುವವರೂ ಇದನ್ನು ನೆನೆಯಬೇಕು. ಕಂಪ್ಯೂಟರು ಮೂಕವಾದರೆ ಎಂಜಿನ್ನು ಸಾಮಾನ್ಯವಾಗಿ ಕೊನೆಯ ಅಪ್ಪಣೆಯನ್ನೇ ಪಾಲಿಸುತ್ತ ಓಡುತ್ತದೆ. ಕೊಳೆಯಾದ ಕಂಬಿಯ ಮೇಲೆ ಮುಗ್ಗರಿಸದಿರಲೆಂದು ಎಂಜಿನ್ನಿನಲ್ಲಿ ಇರಿಸುವ ಕೆಪಾಸಿಟರ್ ಕೂಡ, ಉಪಕಾರಿಯಾದರೂ, ವಿದ್ಯುತ್ತು ತಪ್ಪಿದ ಮೇಲೆಯೂ ಗಾಡಿಯನ್ನು ಅಷ್ಟು ದೂರ ಒಯ್ಯುತ್ತದೆ.

ಆಟದ ರೈಲು ಡಿಕ್ಕಿ ಹೊಡೆದರೆ ಯಾರಿಗೆ ನಷ್ಟವೆಂದು ಕೆಲವರು ಕೇಳಬಹುದು. ನಷ್ಟವಿಲ್ಲದಿರುವುದರಿಂದಲೇ ಅದು ಕಲಿಯಲು ಯೋಗ್ಯವಾದ ಸ್ಥಳ. ನಮ್ಮ ದೇಶದಲ್ಲಿಯೂ, ಕೆಂಪು ದೀಪವನ್ನು ಮೀರುವ ಗಾಡಿಗೆ ತಾನಾಗಿಯೇ ಬ್ರೇಕು ಹಾಕುವ 'ಕವಚ' ವ್ಯವಸ್ಥೆಯನ್ನು ರೈಲು ಮಾರ್ಗಗಳಲ್ಲಿ ಅಳವಡಿಸಲಾಗುತ್ತಿದೆ. ಇಂಥ ಯಂತ್ರಗಳನ್ನು ನಾಳೆ ರಚಿಸಿ ಕಾಯಬೇಕಾದವರು ಇಂದಿನ ವಿದ್ಯಾರ್ಥಿಗಳು. ಯಂತ್ರ ಸರಿಯಾಗಿದ್ದಾಗ ಹೇಗೆ ನಡೆಯುತ್ತದೆಂಬುದನ್ನು ನಾವು ಅವರಿಗೆ ಬೇಕಾದಷ್ಟು ಬೋಧಿಸುತ್ತೇವೆ. ಕೆಟ್ಟಾಗ ಅದು ಯಾವ ಕಡೆಗೆ ವಾಲಬೇಕೆಂಬುದನ್ನು ಬೋಧಿಸುವುದು ಕಡಿಮೆ. ಒಂದು ಗಜ ಕಂಬಿ, ಐದು ಡಯೋಡ್, ಒಂದು ರಿಲೇಗಳಿಂದ ಆ ಪಾಠವನ್ನು ಕಾಲೇಜಿನ ಪ್ರಯೋಗಶಾಲೆಯ ಮೇಜಿನ ಮೇಲೆಯೇ ಕಲಿಸಬಹುದು. ಮುಂದೆ ಹೋಗಲು ಅಪ್ಪಣೆ ಬೇಕು, ನಿಲ್ಲಲು ಬೇಕಾಗಬಾರದು.