ಗೃಹಸ್ಥರ ಸಮಾಲೋಚನೆ: ನೌಕರಿಯಲ್ಲಿದ್ದುಕೊಂಡು ನರ್ಸಿಂಗ್ ಪದವಿ

ಆಸ್ಪತ್ರೆಯಲ್ಲಿ ನರ್ಸಾಗಿ ದುಡಿಯುವ ಮಗಳೋ ಸೊಸೆಯೋ ಇರುವ ಮನೆಗಳು ಈಗ ನಮ್ಮ ನಾಡಿನಲ್ಲಿ ಅನೇಕವಾಗಿವೆ. ಅಂಥ ಮನೆಗಳಲ್ಲಿ ಒಂದಲ್ಲ ಒಂದು ದಿನ ಏಳತಕ್ಕ ಪ್ರಶ್ನೆಯೊಂದುಂಟು. ಹುಡುಗಿಯು ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಮುಗಿಸಿ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ, ಕೆಲಸಕ್ಕೆ ಸೇರಿ ನಾಲ್ಕಾರು ವರ್ಷಗಳಾಗಿರುತ್ತವೆ. ಜೊತೆಯವಳೊಬ್ಬಳು ಬಿ.ಎಸ್ಸಿ. ಪದವಿಯ ಬಲದಿಂದ ಮುಂದೆ ಹೋದಳೆಂಬ ಸುದ್ದಿ ಬರುತ್ತದೆ. “ನಾನೂ ಓದಲೇ?” ಎಂದು ಆಕೆ ಕೇಳುತ್ತಾಳೆ. ಒಬ್ಬರು ಓದಲಿ ಎನ್ನುತ್ತಾರೆ, ಇನ್ನೊಬ್ಬರು ಇದ್ದುದೇ ಸಾಕೆನ್ನುತ್ತಾರೆ. ಕಾಗದ ಹಿಡಿದು ಲೆಕ್ಕ ಹಾಕುವವರು ಮಾತ್ರ ವಿರಳ. ಆ ಲೆಕ್ಕವನ್ನೇ ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಪದವಿಯು ಬರಿಯ ಆಡಂಬರವೆಂದು ಮೊದಲೇ ತಳ್ಳಿಹಾಕತಕ್ಕದ್ದಲ್ಲ. ನರ್ಸುಗಳ ಶಿಕ್ಷಣವು ವಿಶ್ವವಿದ್ಯಾನಿಲಯದ ಮಟ್ಟಕ್ಕೆ ಏರಬೇಕೆಂದು ಭೋರ್ ಸಮಿತಿಯು 1946ರಲ್ಲಿಯೇ ಹೇಳಿತು. ಅದೇ ವರ್ಷ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿ ತರಗತಿಗಳು ಆರಂಭವಾದುವು. ವೈದ್ಯರು ಬಂದು ನೋಡಿ ಹೋಗುವವರು. ಹಗಲಿರುಳು ರೋಗಿಯ ಮಗ್ಗುಲಲ್ಲಿರುವವಳು ನರ್ಸು. ಉಸಿರಿನಲ್ಲಿ, ನಾಡಿಯಲ್ಲಿ, ಮುಖದ ಬಣ್ಣದಲ್ಲಿ ಆಗುವ ವ್ಯತ್ಯಾಸವನ್ನು ಮೊದಲು ಕಾಣಬೇಕಾದವಳು ಆಕೆಯೇ. ಅವಳ ತಿಳಿವಳಿಕೆ ಹೆಚ್ಚಿದಷ್ಟೂ ರೋಗಿಗೆ ಕ್ಷೇಮ.

ಆದರೆ ತಿಳಿವಳಿಕೆಯ ಬೆಲೆ ಒಂದು, ಪದವಿಪತ್ರದ ಬೆಲೆ ಇನ್ನೊಂದು. ಪದವಿಯಿಂದ ಯಾವ ಬಾಗಿಲು ತೆರೆಯಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ನರ್ಸಿಂಗ್ ಕಾಲೇಜಿನಲ್ಲಿ ಬೋಧಕಿಯಾಗಬೇಕೆಂದರೆ, ಅಥವಾ ಮುಂದೆ ಎಂ.ಎಸ್ಸಿ. ಓದಬೇಕೆಂದರೆ, ಬಿ.ಎಸ್ಸಿ. ಇಲ್ಲದೆ ದಾರಿಯಿಲ್ಲ. ರೋಗಿಗಳ ಆರೈಕೆಯಲ್ಲಿಯೇ ಇದ್ದು ಒಳ್ಳೆಯ ಸಂಬಳದ ಸರ್ಕಾರಿ ನೌಕರಿ ಬೇಕೆಂಬುವರ ಮಾತು ಬೇರೆ. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಗಳ, ಎಂದರೆ ‘ಏಮ್ಸ್’ ಆಸ್ಪತ್ರೆಗಳ, ನರ್ಸಿಂಗ್ ಆಫೀಸರ್ ಹುದ್ದೆಗೆ ಪದವೀಧರೆಯಂತೆಯೇ ಡಿಪ್ಲೊಮಾ ನರ್ಸೂ ಪರೀಕ್ಷೆಗೆ ಕೂರಬಹುದು. 50 ಹಾಸಿಗೆಗಳಿಗೆ ಕಡಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಅನುಭವವಿದ್ದರಾಯಿತು. ಆಯ್ಕೆಯಾದ ಮೇಲೆ ಇಬ್ಬರಿಗೂ ಒಂದೇ ವೇತನಶ್ರೇಣಿ. 2016ರಿಂದ ಜಾರಿಗೆ ಬಂದ ಏಳನೆಯ ವೇತನ ಆಯೋಗದ ಪ್ರಕಾರ ಅದರ ಆರಂಭದ ಮೂಲವೇತನ ತಿಂಗಳಿಗೆ 44,900 ರೂಪಾಯಿ. ಇಂಥ ಹುದ್ದೆಯನ್ನೇ ಬಯಸುವವಳು ಪದವಿಗೆ ಸುರಿಯುವ ವರ್ಷಗಳನ್ನು ಆ ಪರೀಕ್ಷೆಯ ಸಿದ್ಧತೆಗೆ ಸಲ್ಲಿಸುವುದು ಮೇಲಲ್ಲವೆ?

ಪದವಿಯೇ ಬೇಕೆಂದು ನಿಶ್ಚಯವಾದರೆ, ಡಿಪ್ಲೊಮಾದವರಿಗೆ ಎರಡು ದಾರಿಗಳುಂಟು. ಮೊದಲನೆಯದು, ಕಾಲೇಜಿಗೆ ಹೋಗಿ ಎರಡು ವರ್ಷ ಓದುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎರಡನೆಯದು, ನೌಕರಿಯಲ್ಲಿರುವ ನರ್ಸುಗಳಿಗಾಗಿಯೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ರೂಪಿಸಿದ ಮೂರು ವರ್ಷದ ಪಾಠಕ್ರಮ. ಅದಕ್ಕೆ ಸೇವೆಯ ಅನುಭವ ಬೇಕು, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಅಧ್ಯಯನ ಕೇಂದ್ರದ ತರಗತಿಗಳಿಗೂ ಪ್ರಾಯೋಗಿಕ ಅಭ್ಯಾಸಕ್ಕೂ ತಪ್ಪದೆ ಹೋಗಬೇಕು. ತಮ್ಮ ಊರಿಗೆ ಸಮೀಪದಲ್ಲಿ ಕೇಂದ್ರವುಂಟೆ, ಈ ಸಾಲಿಗೆ ಪ್ರವೇಶವುಂಟೆ ಎಂಬುದನ್ನು ವಿಶ್ವವಿದ್ಯಾನಿಲಯದಿಂದಲೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲನೆಯ ದಾರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಪರೀಕ್ಷೆಗೆ ಕೂರಲು ಪಾಠದಲ್ಲಿಯೂ ಪ್ರಾಯೋಗಿಕದಲ್ಲಿಯೂ ನೂರಕ್ಕೆ 80ರಷ್ಟು ಹಾಜರಿ ಇರಬೇಕೆಂದೂ, ಪದವಿ ದೊರೆಯುವುದಕ್ಕೆ ಮುಂಚೆ ಪ್ರಾಯೋಗಿಕ ಹಾಜರಿ ಪೂರ್ತಿಯಾಗಬೇಕೆಂದೂ ಭಾರತೀಯ ನರ್ಸಿಂಗ್ ಕೌನ್ಸಿಲಿನ ನಿಯಮ. ಹೀಗಿರುವಾಗ ಪೂರ್ಣಾವಧಿಯ ನೌಕರಿಯನ್ನೂ ಈ ಕಾಲೇಜನ್ನೂ ಒಬ್ಬಳೇ ನ್ಯಾಯವಾಗಿ ನಡಸುವುದು ಹೇಗೆ? “ಹಣ ಕಟ್ಟಿ, ಪರೀಕ್ಷೆಗೆ ಬಂದರೆ ಸಾಕು” ಎಂದು ಯಾರಾದರೂ ಹೇಳಿದರೆ, ಅವರು ಮಾರುತ್ತಿರುವುದು ಸುಳ್ಳು ಹಾಜರಿಯನ್ನೇ ಹೊರತು ವಿದ್ಯೆಯನ್ನಲ್ಲ. ಒಂದೇ ದಿನ ವಾರ್ಡಿನಲ್ಲಿಯೂ ತರಗತಿಯಲ್ಲಿಯೂ ಇದ್ದಂತೆ ಬರೆದ ಪುಸ್ತಕಗಳು ಯಾವಾಗ ಬೇಕಾದರೂ ಎದುರುಬದುರಾಗಿ ನಿಲ್ಲಬಹುದು. ಸೇರುವುದಕ್ಕೆ ಮೊದಲು ಕಾಲೇಜಿಗೆ ಕೌನ್ಸಿಲಿನ ಮಾನ್ಯತೆ ಇದೆಯೆ, ನಮ್ಮ ರಾಜ್ಯದಲ್ಲಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಸಂಯೋಜನೆ ಇದೆಯೆ ಎಂದು ನೋಡತಕ್ಕದ್ದು.

ಇನ್ನು ಹಣದ ಮಾತು. ಉದಾಹರಣೆಗೆ, ತಿಂಗಳಿಗೆ 20,000 ರೂಪಾಯಿ ಸಂಬಳದವಳು ಕೆಲಸ ಬಿಟ್ಟು ಎರಡು ವರ್ಷ ಓದುವಳೆಂದು ಇಟ್ಟುಕೊಳ್ಳೋಣ. ಕೈಬಿಟ್ಟ ಸಂಬಳವೇ 4,80,000. ವರ್ಷಕ್ಕೆ ಒಂದು ಲಕ್ಷ ಶುಲ್ಕವೆಂದರೆ ಒಟ್ಟು 6,80,000. ಪದವಿಯ ತರುವಾಯ ತಿಂಗಳಿಗೆ 5,000 ಮಾತ್ರ ಹೆಚ್ಚಾದರೆ ಈ ಹಣ ಹಿಂದಿರುಗಲು 136 ತಿಂಗಳು, ಎಂದರೆ 11 ವರ್ಷ 4 ತಿಂಗಳು ಬೇಕು. 15,000 ಹೆಚ್ಚಾದರೆ ನಾಲ್ಕು ವರ್ಷದೊಳಗೇ ತೀರುತ್ತದೆ. ಆದಕಾರಣ ಈಗಿನ ಆಸ್ಪತ್ರೆಯ ಅಧಿಕಾರಿಗಳನ್ನು ಮುಂಚಿತವಾಗಿಯೇ ಕೇಳಬೇಕು: ಪದವಿ ಬಂದರೆ ಎಷ್ಟು ಹೆಚ್ಚುವುದು, ಯಾವ ಹುದ್ದೆ ದೊರೆಯುವುದು? ಉತ್ತರವು ಬಾಯಿಮಾತಿನಲ್ಲಿರದೆ ಬರಹದಲ್ಲಿದ್ದರೆ ಮೇಲು. ಸರ್ಕಾರಿ ಸೇವೆಯಲ್ಲಿರುವವರು ನಿಯೋಜನೆಯ ಮೇಲಾಗಲಿ ರಜೆಯ ಮೇಲಾಗಲಿ ಓದಲು ಅವಕಾಶವುಂಟೋ ಎಂದು ಇಲಾಖೆಯಲ್ಲಿ ವಿಚಾರಿಸಲಿ. ಸಂಬಳ ಉಳಿಯುವುದಾದರೆ ಮೇಲಿನ ಲೆಕ್ಕವೇ ಬದಲಾಗುತ್ತದೆ.

ಲೆಕ್ಕದ ಪುಸ್ತಕದಲ್ಲಿ ಬರೆಯಲಾಗದ ಖರ್ಚೊಂದಿದೆ, ಅದು ನಿದ್ರೆ. ರಾತ್ರಿ ಪಾಳಿ ಮುಗಿಸಿ ಬಂದವಳು ಒಲೆಯ ಮುಂದೆ ನಿಂತು, ಮಕ್ಕಳನ್ನು ಶಾಲೆಗೆ ಕಳುಹಿಸಿ, ಆಮೇಲೆ ಪುಸ್ತಕ ತೆರೆದರೆ ಎಷ್ಟು ದಿನ ತಾಳಿಯಾಳು? ನಿದ್ರೆಗೆಟ್ಟ ಗುಮಾಸ್ತೆಯ ಕೂಡುವ ಲೆಕ್ಕ ತಪ್ಪಿದರೆ ಮರುದಿನ ತಿದ್ದಬಹುದು. ನಿದ್ರೆಗೆಟ್ಟ ನರ್ಸಿನ ಕೈಯಲ್ಲಿ ಔಷಧದ ಪ್ರಮಾಣ ತಪ್ಪಿದರೆ ತಿದ್ದಲು ಅವಕಾಶವಿರದೆ ಹೋಗಬಹುದು. ಆದುದರಿಂದ “ಓದಲಿ” ಎನ್ನುವ ಮನೆಯವರು ಆ ಮಾತಿನೊಡನೆ ಕೆಲಸವನ್ನೂ ಹಂಚಿಕೊಳ್ಳಬೇಕು. ಬೆಳಗಿನ ಅಡಿಗೆ ಯಾರದು, ಮಕ್ಕಳ ಪಾಠ ಯಾರದು, ವಾರದಲ್ಲಿ ಆಕೆಯನ್ನು ಯಾರೂ ಕರೆಯದ ಗಂಟೆಗಳೆಷ್ಟು ಎಂಬುದನ್ನು ಗಂಡನೂ ಅತ್ತೆಮಾವಂದಿರೂ ಕೂಡಿ ಕುಳಿತು ತೀರ್ಮಾನಿಸಲಿ. ಹೆಂಡತಿಯ ಓದಿಗೆ ಹಣ ಕೊಡುವ ಗಂಡಂದಿರು ಈಗ ಹಲವರು. ಹೊತ್ತನ್ನು ಕೊಡುವವರು ಕೆಲವರೇ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುವುದಾದರೆ: ಬೋಧಕಿಯಾಗುವ ಅಥವಾ ಮುಂದೆ ಓದುವ ನಿಶ್ಚಿತ ಗುರಿಯಿದ್ದು, ನೌಕರಿಗೆ ಹೊಂದುವ ಮಾನ್ಯವಾದ ದಾರಿ ದೊರೆತು, ಮನೆಯವರು ಹೆಗಲು ಕೊಟ್ಟರೆ, ತಡಮಾಡದೆ ಸೇರಲಿ, ಮೂರು ವರ್ಷಗಳು ಓದಿದರೂ ಕಳೆಯುತ್ತವೆ, ಓದದಿದ್ದರೂ ಕಳೆಯುತ್ತವೆ. ಹೆಸರಿನ ಮುಂದೆ ನಾಲ್ಕಕ್ಷರ ಸೇರಲೆಂಬ ಆಸೆಯೊಂದೇ ಇದ್ದರೆ ಸಾಲ ಮಾಡಿ ಓದಬೇಕಾದುದಿಲ್ಲ. ಡಿಪ್ಲೊಮಾದ ಕೈಯೂ ಜೀವ ಉಳಿಸುವ ಕೈಯೇ. ಆ ಕೈಗೆ ಮನೆಯಲ್ಲಿ ಸಲ್ಲಬೇಕಾದ ಗೌರವವು ಪದವಿಯ ತನಕ ಕಾಯತಕ್ಕದ್ದಲ್ಲ.